ರವಿವಾರದ ಚರ್ಚೆ: ಬಡತನದ ಲೆಕ್ಕ

ಬಳಗದ ಎಲ್ಲ ಸದಸ್ಯರಿಗೆ ಶರಣು ಶರಣಾರ್ಥಿ.

ಬರುವ ರವಿವಾರ ಮುಂಜಾನೆ 10 ಗಂಟೆಗೆ, ವಿಜಯಪುರದಲ್ಲಿ ನಾವು ಎಂದಿನಂತೆ ಸೇರುವ ವಾಚನಾಲಯದಲ್ಲಿಯೇ, ರಾಷ್ಟ್ರೀಯ ಅಂಕಿಅಂಶಗಳು ಬಡತನವನ್ನು ಅಳೆಯುವ ಬಗೆಯ ಕುರಿತು ಚರ್ಚೆ ನಡೆಯಲಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ತಪ್ಪದೇ ಬರಬೇಕು.

ಬರುವ ಮುನ್ನ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಸಾರಾಂಶವನ್ನು ಓದಿಕೊಳ್ಳಿ. ಗ್ರಾಮೀಣ ಭಾರತದಲ್ಲಿ ಒಬ್ಬರ ಸರಾಸರಿ ಮಾಸಿಕ ವೆಚ್ಚ 4,122 ರೂಪಾಯಿ ಎನ್ನುವ ಅದರ ಅಂಕಿಯಲ್ಲಿ, ಸ್ವಂತ ಹೊಲದ ಜೋಳದಿಂದ ರೊಟ್ಟಿ ಮಾಡಿ ಉಂಡರೆ ಆ ಜೋಳದ ಬೆಲೆಯೂ ಸೇರುತ್ತದೆ. ಆದರೆ ಪಡಿತರದಲ್ಲಿ ಉಚಿತವಾಗಿ ಸಿಕ್ಕ ಅಕ್ಕಿಯ ಬೆಲೆ ಸೇರುವುದಿಲ್ಲ, ಅದನ್ನು ಕೂಡಿಸಿದ ಲೆಕ್ಕವನ್ನು ಬೇರೆಯಾಗಿ ಕೊಟ್ಟಿದ್ದಾರೆ. ಸರಾಸರಿ ಎಂಬುದು ಬಡತನ ರೇಖೆಯಲ್ಲ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕದ 12 ಸೂಚಕಗಳನ್ನೂ ನೋಡಿಕೊಂಡು ಬನ್ನಿ. ಅಲ್ಲಿ ಖರ್ಚಿನ ಬದಲು ಪೌಷ್ಟಿಕತೆ, ಶಾಲೆ, ಅಡುಗೆ ಇಂಧನ, ಶೌಚಾಲಯ ಮುಂತಾದವುಗಳ ಕೊರತೆಯನ್ನು ಎಣಿಸುತ್ತಾರೆ. ಈ ಎರಡು ಲೆಕ್ಕಗಳನ್ನು ಬೆರೆಸುವುದರಿಂದಲೇ ನಮ್ಮ ವಾದಗಳು ದಾರಿ ತಪ್ಪುತ್ತವೆ ಎಂಬುದು ನನ್ನ ಅಭಿಪ್ರಾಯ.

ಸಮೀಕ್ಷೆಗಳಿಗಾಗಿ ಮನೆಮನೆಗೆ ಹೋಗಿ ಮಾಹಿತಿ ಬರೆದುಕೊಂಡ ಶಿಕ್ಷಕರು ತಮ್ಮ ಅನುಭವ ಹೇಳಿದರೆ ಬಹಳ ಉಪಕಾರವಾಗುತ್ತದೆ. ಝೆರಾಕ್ಸ್ ಪ್ರತಿಗಳನ್ನು ತೆಗೆಸಬೇಕಾಗಿರುವುದರಿಂದ, ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಹೆಸರು ತಿಳಿಸಬೇಕೆಂದು ವಿನಂತಿ.