ಹುಲ್ಲುಗಾವಲು ಬಂಜರಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಆರಂಭವಾಗುತ್ತಿದ್ದಂತೆ ಮರವಿಲ್ಲದ ಬಯಲುಗಳಲ್ಲೆಲ್ಲ ಸಸಿ ನೆಡುವ ಉತ್ಸಾಹ ಕಾಣುತ್ತದೆ. ಸರ್ಕಾರಿ ದಾಖಲೆಗಳಲ್ಲಿ ಬಂಜರು ಎನಿಸಿಕೊಳ್ಳುವ ಬಯಲುಸೀಮೆಯ ಹುಲ್ಲುಗಾವಲುಗಳಲ್ಲಿ ಹಲವು, ಕಡಿಮೆ ಮಳೆ ಮತ್ತು ದೀರ್ಘ ಬೇಸಿಗೆಗೆ ಹೊಂದಿಕೊಂಡು ತಾವಾಗಿಯೇ ರೂಪುಗೊಂಡ ಜೀವಿನೆಲೆಗಳು ಎಂಬುದನ್ನು ನಾವು ಮರೆಯುತ್ತಿದ್ದೇವೆ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಅಭಯಾರಣ್ಯವನ್ನೇ ನೋಡಬಹುದು. 1974ರಲ್ಲಿ ಘೋಷಣೆಯಾದ, ಸುಮಾರು 119 ಚದರ ಕಿಲೋಮೀಟರ್ ವಿಸ್ತಾರದ ಈ ತಾಣ ಇರುವುದು ಕೃಷ್ಣಮೃಗಗಳಿಗಾಗಿ. ಅದರ ಬಹುಭಾಗವನ್ನು ಆವರಿಸಿರುವುದು ಮಾತ್ರ ನೀಲಗಿರಿ ನೆಡುತೋಪು! ಶತ್ರುವನ್ನು ದೂರದಿಂದಲೇ ಕಂಡು, ಓಟದ ಬಲದಿಂದ ಪಾರಾಗುವ ಕೃಷ್ಣಮೃಗಕ್ಕೆ ತೆರೆದ ಬಯಲೇ ರಕ್ಷಣೆ. ಒಮ್ಮೆ ಇಲ್ಲಿ ಕಾಣಸಿಗುತ್ತಿದ್ದ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ. ದಟ್ಟ ತೋಪಿನಲ್ಲಿ ಅದಕ್ಕೆ ಜಾಗವಿಲ್ಲ. ಹುಲ್ಲು ಮೇಯುವ ಪ್ರಾಣಿಗಳು, ಅವುಗಳನ್ನು ಬೇಟೆಯಾಡುವ ತೋಳ, ಸಗಣಿಯನ್ನು ಮಣ್ಣಿಗೆ ಸೇರಿಸುವ ಜೀರುಂಡೆಗಳು, ಋತುಮಾನಕ್ಕೆ ತಕ್ಕಂತೆ ಬರುವ ಕುರಿಗಾಹಿಗಳು, ಇವರೆಲ್ಲರ ಸಂಬಂಧ ಹುಲ್ಲಿನ ಸುತ್ತಲೇ ಹೆಣೆದುಕೊಂಡಿದೆ. ಇಂಗಾಲವನ್ನೂ ಹುಲ್ಲುಗಾವಲು ಹೆಚ್ಚಾಗಿ ಬೇರು, ಮಣ್ಣುಗಳಲ್ಲಿ ಹಿಡಿದಿಡುವುದರಿಂದ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಲೆಕ್ಕಕ್ಕೂ ಬರುವುದಿಲ್ಲ.

ಆದ್ದರಿಂದ ಸಸಿ ನೆಡುವ ಮೊದಲು ಆ ನೆಲದ ಸಹಜ ಸ್ವರೂಪ ಯಾವುದೆಂದು ಅರಣ್ಯ ಇಲಾಖೆ ಪರಿಶೀಲಿಸಲಿ ಮತ್ತು ಅಭಯಾರಣ್ಯದೊಳಗಿನ ನೀಲಗಿರಿಯನ್ನು ಹಂತಹಂತವಾಗಿ ತೆರವುಗೊಳಿಸಿ ಸ್ಥಳೀಯ ಹುಲ್ಲಿಗೆ ಅವಕಾಶ ಕೊಡಲಿ.

– ಓದುಗ, ಹಾವೇರಿ