ಮನೆಯವರ ಕಣ್ಣಿನ ಡ್ರಾಪ್ಸ್ ನಾಯಿ, ಬೆಕ್ಕಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಮಳೆ ಹಿಡಿದು ಊರಿಗೆ ಮದ್ರಾಸ್ ಐ ಬಂತೆಂದರೆ ಮನೆಮನೆಯಲ್ಲೂ ಅರ್ಧ ಖಾಲಿಯಾದ ಒಂದು ಡ್ರಾಪ್ಸ್ ಬಾಟಲಿ ಉಳಿದುಬಿಡುತ್ತದೆ. ಮುಂದೆಂದೋ ನಾಯಿಯ ಕಣ್ಣು ಕೆಂಪಾದಾಗ, ಬೆಕ್ಕು ಒಂದು ಕಣ್ಣು ಮುಚ್ಚಿಕೊಂಡು ಮೂಲೆ ಸೇರಿದಾಗ ಮೊದಲು ಕೈಗೆ ಸಿಗುವುದು ಅದೇ. ಅದಿಲ್ಲದಿದ್ದರೆ ಔಷಧಿ ಅಂಗಡಿಗೆ ಹೋಗಿ ‘ನಾಯಿ ಕಣ್ಣು ಕೆಂಪಾಗಿದೆ, ಏನಾದ್ರೂ ಕೊಡಿ’ ಎನ್ನುವುದು, ಅವರು ಕೊಟ್ಟದ್ದನ್ನು ತಂದು ಹಾಕುವುದು. ಸುಲಭವಾಗಿ ವಾಸಿಯಾಗುತ್ತಿದ್ದ ಕಣ್ಣುಗಳು ಈ ಅಭ್ಯಾಸದಿಂದಲೇ ಕೆಡುತ್ತಿವೆ. ಆದ್ದರಿಂದ ಈ ಪತ್ರ.

ಇಂಥ ಬಾಟಲಿಗಳಲ್ಲಿ ಹಲವು ಬರಿಯ ಆಂಟಿಬಯೊಟಿಕ್ ಆಗಿರುವುದಿಲ್ಲ. ಮಾಕ್ಸಿಫ್ಲಾಕ್ಸಾಸಿನ್ ಅಥವಾ ಕ್ಲೋರಾಂಫೆನಿಕಾಲ್ ಜೊತೆ ಡೆಕ್ಸಾಮೆಥಾಸೋನ್, ಟೋಬ್ರಾಮೈಸಿನ್ ಜೊತೆ ಲೋಟೆಪ್ರೆಡ್ನಾಲ್, ಹೀಗೆ ಸ್ಟಿರಾಯ್ಡ್ ಬೆರೆತಿರುತ್ತದೆ. ಕಣ್ಣುಗುಡ್ಡೆಯ ಮುಂಭಾಗದಲ್ಲಿ ಗಾಜಿನಂತೆ ಕೂತಿರುವ ಕಾರ್ನಿಯಾದ ದಪ್ಪ ನಾಯಿ, ಬೆಕ್ಕುಗಳಲ್ಲಿ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಬೆಕ್ಕಿನ ಉಗುರು ತಾಗಿಯೋ ಒಣಹುಲ್ಲು ಚುಚ್ಚಿಯೋ ಅಲ್ಲಿ ಗಾಯವಾಗಿದ್ದರೆ ಸ್ಟಿರಾಯ್ಡ್ ಆ ಗಾಯ ಮುಚ್ಚದಂತೆ ತಡೆಯುತ್ತದೆ, ರೋಗಾಣುಗಳ ವಿರುದ್ಧದ ರಕ್ಷಣೆಯನ್ನು ಕುಗ್ಗಿಸುತ್ತದೆ, ಕಾರ್ನಿಯಾದ ಕೊಲಾಜೆನ್ ಎಳೆಗಳನ್ನು ಕರಗಿಸುವ ಕಿಣ್ವಗಳಿಗೆ ಬಲ ಕೊಡುತ್ತದೆ. ಮೇಲ್ಪದರದ ಗೀರು ಆಳವಾಗುತ್ತಾ ಹೋಗಿ ಕೆಲವೊಮ್ಮೆ ಒಂದೆರಡು ದಿನದಲ್ಲೇ ತೂತಾಗುತ್ತದೆ. ಮೋಸವಿರುವುದು ಇಲ್ಲಿ: ಸ್ಟಿರಾಯ್ಡ್ ಹಾಕಿದ ಮರುದಿನ ಕಣ್ಣಿನ ಕೆಂಪು ಇಳಿಯುತ್ತದೆ. ‘ಪರವಾಗಿಲ್ಲ, ಔಷಧ ಹಿಡಿಸಿತು’ ಎಂದು ಮನೆಯವರು ಮುಂದುವರಿಸುತ್ತಾರೆ. ಒಳಗೆ ಹುಣ್ಣು ದೊಡ್ಡದಾಗುತ್ತಿರುತ್ತದೆ.

ಬಾಟಲಿಯ ಹೆಸರಿನ ಬಾಲದಲ್ಲಿ ‘ಡಿ’, ‘ಡಿಎಂ’, ‘ಡಿಎಕ್ಸ್’, ‘ಎಲ್‌ಪಿ’ ಅಂತ ಇದ್ದರೆ ಅನುಮಾನಪಡಿ. ಹೆಸರನ್ನಷ್ಟೇ ನಂಬದೆ ಸಣ್ಣ ಅಕ್ಷರದಲ್ಲಿರುವ ಘಟಕಗಳ ಪಟ್ಟಿಯನ್ನೂ ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಲೋಟೆಪ್ರೆಡ್ನಾಲ್, ಫ್ಲೋರೋಮೆಥೊಲೋನ್ ಇವೆಲ್ಲ ಸ್ಟಿರಾಯ್ಡ್‌ಗಳೇ. ಸ್ಟಿರಾಯ್ಡ್ ಇಲ್ಲದಿದ್ದರೂ ಬಾಟಲಿ ತೆರೆದು ತಿಂಗಳಾಗಿದ್ದರೆ ಅದು ಕಸದ ಬುಟ್ಟಿಗೇ ಸರಿ.

ಸ್ಟಿರಾಯ್ಡ್ ಕೆಟ್ಟ ಔಷಧವೆಂದು ಇದರರ್ಥವಲ್ಲ. ಕಣ್ಣೊಳಗಿನ ಉರಿಯೂತಕ್ಕೆ ಅದು ಬೇಕೇ ಬೇಕು. ಆದರೆ ಹಾಕುವ ಮೊದಲು ಕಾರ್ನಿಯಾದ ಮೇಲೆ ಹುಣ್ಣಿಲ್ಲವೆಂದು ಖಾತ್ರಿಯಾಗಬೇಕು. ಅದಕ್ಕೆ ಇರುವುದು ಫ್ಲೂರೊಸೀನ್ ಪಟ್ಟಿ: ತುದಿಗೆ ಕಿತ್ತಳೆ ಬಣ್ಣ ಹಚ್ಚಿದ ಚಿಕ್ಕ ಕಾಗದ. ತುದಿಗೆ ಒಂದು ಹನಿ ಸಲೈನ್ ಬಿಟ್ಟು ಕೆಳರೆಪ್ಪೆಯ ಒಳಬದಿಗೆ ತಾಗಿಸಿ, ಪ್ರಾಣಿ ನಾಲ್ಕು ಸಲ ಕಣ್ಣು ಮಿಟುಕಿಸಿದ ಮೇಲೆ ಸಲೈನ್‌ನಿಂದ ತೊಳೆದು ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಆರೋಗ್ಯವಂತ ಮೇಲ್ಪದರಕ್ಕೆ ಬಣ್ಣ ಹಿಡಿಯುವುದಿಲ್ಲ. ಪದರ ಕಿತ್ತುಹೋದ ಜಾಗ ಮಾತ್ರ ಎಳೆಹಸಿರಾಗಿ ಹೊಳೆಯುತ್ತದೆ. ಹಸಿರು ಬಳೆಯಂತೆ ಕಂಡು ನಡುವೆ ಬಣ್ಣವೇ ಹಿಡಿದಿಲ್ಲವೆಂದರೆ ಸಂತೋಷಪಡುವಂತಿಲ್ಲ. ಹುಣ್ಣು ಕಾರ್ನಿಯಾದ ಕೊನೆಯ ಪೊರೆಯವರೆಗೆ ಇಳಿದಿದೆ, ಅಂದೇ ಶಸ್ತ್ರಚಿಕಿತ್ಸೆಯ ಮಾತಾಡಬೇಕು ಎಂದರ್ಥ. ಒಂದು ಪಟ್ಟಿಯ ಬೆಲೆ ಮಸಾಲೆ ದೋಸೆಗಿಂತ ಕಡಿಮೆ. ಆದರೂ ಹಲವೆಡೆ ಈ ಪರೀಕ್ಷೆಯಿಲ್ಲದೆಯೇ ಡ್ರಾಪ್ಸ್ ಬರೆದುಕೊಡುವುದಿದೆ. ‘ಡಾಕ್ಟ್ರೇ, ಬಣ್ಣ ಹಾಕಿ ನೋಡಿದ್ರಾ?’ ಎಂದು ಕೇಳಲು ಸಂಕೋಚ ಬೇಡ.

ಇನ್ನು ಮನೆಯಲ್ಲಿ ಗುರುತಿಸುವುದು. ಮೊದಲು ನೋಡಬೇಕಾದದ್ದು ಕೆಂಪನ್ನಲ್ಲ, ನೋವನ್ನು. ಕಣ್ಣು ಕಿರಿದು ಮಾಡುವುದು, ಬೆಳಕಿಗೆ ಮುಖ ತಿರುಗಿಸುವುದು, ಮುಂಗಾಲಿನಿಂದ ಉಜ್ಜಿಕೊಳ್ಳುವುದು, ಒಂದೇ ಕಣ್ಣಿನಿಂದ ನೀರು ಸುರಿಯುವುದು ಇದ್ದರೆ ಹುಣ್ಣೋ, ಕಸವೋ, ಕಣ್ಣೊಳಗಿನ ಉರಿಯೂತವೋ ಇರಬಹುದು. ಆವತ್ತೇ ತೋರಿಸಬೇಕು. ಕಣ್ಣು ಚೆನ್ನಾಗಿ ತೆರೆದಿದ್ದು, ಎರಡೂ ಕಡೆ ಸ್ವಲ್ಪ ಕೆಂಪು, ತುರಿಕೆ, ತಿಳಿನೀರು ಇದ್ದರೆ ಧೂಳು ಅಥವಾ ಅಲರ್ಜಿಯ ಸಾಧ್ಯತೆ ಹೆಚ್ಚು. ಹಳದಿ, ಹಸಿರು ಗೀಜು ಬಂದರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಆದರೆ ನಾಯಿಗಳಲ್ಲಿ ಬ್ಯಾಕ್ಟೀರಿಯಾ ತಾನಾಗಿ ಮೊದಲು ಬರುವುದು ಅಪರೂಪ, ಹಿಂದೆ ಬೇರೇನೋ ಕಾರಣ ಇದ್ದೇ ಇರುತ್ತದೆ. ರೆಪ್ಪೆ ಒಳಕ್ಕೆ ಮಡಚಿ ಕೂದಲು ಉಜ್ಜುತ್ತಿರಬಹುದು, ಕಣ್ಣಿನ ಒಳಮೂಲೆಯಲ್ಲಿರುವ ಮೂರನೇ ರೆಪ್ಪೆಯ ಹಿಂದೆ ಹುಲ್ಲಿನ ಮುಳ್ಳು ಕೂತಿರಬಹುದು. ಲಸಿಕೆ ಹಾಕಿಸದ ಮರಿಯಾಗಿದ್ದು, ಮೂಗಿನಲ್ಲೂ ಗಟ್ಟಿ ಸಿಂಬಳ, ಜ್ವರ, ಕೆಮ್ಮು, ಭೇದಿ ಇದ್ದರೆ ಡಿಸ್ಟೆಂಪರ್ ಎಂಬ ವೈರಸ್ ರೋಗ ಇರಬಹುದು. ಆಗ ಕಣ್ಣಿನ ಡ್ರಾಪ್ಸ್‌ನಿಂದ ಏನೂ ಆಗದು.

ನಾಯಿಗಳಲ್ಲಿ ಅತಿ ಹೆಚ್ಚು ತಪ್ಪಿಹೋಗುವ ಕಾರಣ ಕಣ್ಣೀರಿನ ಕೊರತೆ. ಶಿಹ್ ತ್ಸು, ಪಗ್, ಕಾಕರ್ ಸ್ಪೇನಿಯಲ್ ತಳಿಗಳಲ್ಲಿ ಇದು ಸಾಮಾನ್ಯ. ಗೋಂದಿನಂತೆ ಅಂಟುವ ದಪ್ಪ ಗೀಜು ದಿನಾ ಬರುತ್ತದೆ, ಕಾರ್ನಿಯಾ ಹೊಳಪು ಕಳೆದುಕೊಂಡು ಬರಬರುತ್ತಾ ಕಂದುಗಪ್ಪಾಗುತ್ತದೆ. ಆಂಟಿಬಯೊಟಿಕ್ ಹಾಕಿದಾಗ ಗೀಜು ಕಡಿಮೆಯಾಗುತ್ತದೆ, ನಿಲ್ಲಿಸಿದರೆ ವಾರದಲ್ಲಿ ವಾಪಸ್. ಹೀಗೆ ಬಾಟಲಿ ಮೇಲೆ ಬಾಟಲಿ ಬದಲಾಯಿಸುತ್ತಾ ವರ್ಷ ಕಳೆಯುವುದುಂಟು. ಕಣ್ಣೀರು ಅಳೆಯುವ ಕಾಗದವಾದ ಷಿರ್ಮರ್ ಪಟ್ಟಿಯನ್ನು ಕೆಳರೆಪ್ಪೆಯಲ್ಲಿ ಒಂದು ನಿಮಿಷ ಇಟ್ಟು ಒದ್ದೆಯಾದ ಉದ್ದ ಅಳೆದರೆ ವಿಷಯ ಗೊತ್ತಾಗುತ್ತದೆ. ನಾಯಿಯಲ್ಲಿ 15 ಮಿ.ಮೀ. ಅಥವಾ ಹೆಚ್ಚಿದ್ದರೆ ಸರಿ, ಲಕ್ಷಣಗಳ ಜೊತೆಗೆ 10ಕ್ಕಿಂತ ಕಡಿಮೆಯಿದ್ದರೆ ಕಾಯಿಲೆ, 5ಕ್ಕಿಂತ ಕಡಿಮೆಯಾದರೆ ತೀವ್ರ. ಕಣ್ಣಿಗೆ ಯಾವುದೇ ಹನಿ ಬೀಳುವ ಮೊದಲೇ ಈ ಪರೀಕ್ಷೆ ಆಗಬೇಕು, ಫ್ಲೂರೊಸೀನ್ ಆಮೇಲೆ. ಔಷಧ ಸಾಮಾನ್ಯವಾಗಿ ಸೈಕ್ಲೋಸ್ಪೊರಿನ್ 0.2 ಶೇಕಡಾ ಮುಲಾಮು, ದಿನಕ್ಕೆರಡು ಸಲ. ಗುಣ ಕಾಣಲು ಕೆಲವು ವಾರಗಳೇ ಬೇಕು, ಬಹುಪಾಲು ನಾಯಿಗಳಿಗೆ ಜೀವನಪರ್ಯಂತ ಹಾಕಬೇಕು. ಹತ್ತು ದಿನ ಹಾಕಿ ‘ಕೆಲಸ ಮಾಡಲಿಲ್ಲ’ ಎಂದು ಬಿಟ್ಟುಬಿಡುವವರೇ ಜಾಸ್ತಿ.

ಇದಕ್ಕೇ ಸೇರಿದ ಇನ್ನೊಂದು ಮಾತು. ಬೀಗಲ್, ಬುಲ್‌ಡಾಗ್ ಮರಿಗಳ ಕಣ್ಣಿನ ಮೂಲೆಯಲ್ಲಿ ಕೆಂಪು ಗೆಡ್ಡೆ ಏಳುವುದನ್ನು ಚೆರಿ ಐ ಎನ್ನುತ್ತಾರೆ. ಅದು ಜಾರಿ ಹೊರಬಂದ ಮೂರನೇ ರೆಪ್ಪೆಯ ಕಣ್ಣೀರ ಗ್ರಂಥಿ. ಕತ್ತರಿಸಿ ತೆಗೆಯುವುದು ಐದು ನಿಮಿಷದ ಕೆಲಸ, ಖರ್ಚೂ ಕಡಿಮೆ. ಆದರೆ ಕಣ್ಣೀರಿನ ಮೂರನೇ ಒಂದು ಭಾಗದಷ್ಟನ್ನು ಒದಗಿಸುವ ಗ್ರಂಥಿ ಅದು. ತೆಗೆದರೆ ಮುಂದೆ ಒಣಗಣ್ಣು ಬರುವ ಸಾಧ್ಯತೆ ಹೆಚ್ಚು. ಅದನ್ನು ಒಳಗೆ ಸೇರಿಸಿ ಹೊಲಿಯುವವರ ಬಳಿಗೇ ಕರೆದೊಯ್ಯಿರಿ.

ಬೆಕ್ಕಿನ ಕಥೆ ಬೇರೆ. ಅಲ್ಲಿ ಸೋಂಕೇ ಮುಖ್ಯ ಕಾರಣ, ಅದರಲ್ಲೂ ಹರ್ಪಿಸ್ ವೈರಸ್ ಮತ್ತು ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ. ಸೀನು, ಮೂಗು ಕಟ್ಟುವುದು, ಕಣ್ಣಲ್ಲಿ ನೀರು, ಕಾರ್ನಿಯಾದ ಮೇಲೆ ಕವಲೊಡೆದ ಸಣ್ಣ ಹುಣ್ಣುಗಳು ಹರ್ಪಿಸ್‌ನ ಗುರುತು. ಒಮ್ಮೆ ಬಂದ ವೈರಸ್ ನರಗಂಟಿನಲ್ಲಿ ಅಡಗಿದ್ದು, ಮನೆ ಬದಲಾಯಿಸಿದಾಗ, ಹೊಸ ಬೆಕ್ಕು ಬಂದಾಗ, ಬೋರ್ಡಿಂಗ್‌ನಲ್ಲಿ ಬಿಟ್ಟಾಗ ಮತ್ತೆ ತಲೆ ಎತ್ತುತ್ತದೆ. ಇಂಥ ಕಣ್ಣಿಗೆ ಸ್ಟಿರಾಯ್ಡ್ ಬಿದ್ದರೆ ಪರ್ಷಿಯನ್ ಬೆಕ್ಕುಗಳಲ್ಲಂತೂ ಕಾರ್ನಿಯಾದ ನಡುವೆ ಸತ್ತ ಅಂಗಾಂಶದ ಕಪ್ಪು ಚಕ್ಕೆ ಕಟ್ಟಿಕೊಳ್ಳುವ ಅಪಾಯ ಹೆಚ್ಚು. ಅದಕ್ಕೆ ಬಹುತೇಕ ಶಸ್ತ್ರಚಿಕಿತ್ಸೆಯೇ ಗತಿ. ಹರ್ಪಿಸ್‌ಗೆ ಬಾಯಿಯ ಮೂಲಕ ಕೊಡುವ ಫ್ಯಾಮ್‌ಸೈಕ್ಲೊವಿರ್ ಇದೆ, ಪ್ರಮಾಣವನ್ನು ವೈದ್ಯರೇ ತೂಕ ನೋಡಿ ನಿರ್ಧರಿಸಬೇಕು. ಮನುಷ್ಯರ ಅಸೈಕ್ಲೊವಿರ್ ಮಾತ್ರೆ ಬೆಕ್ಕಿಗೆ ವಿಷ, ವ್ಯಾಲಸೈಕ್ಲೊವಿರ್ ಪ್ರಾಣಕ್ಕೇ ಎರವು. ನೋವಿಗೆಂದು ಪ್ಯಾರಾಸಿಟಮಾಲ್ ಕೊಡುವುದೂ ಅಷ್ಟೇ. ಅಂತರ್ಜಾಲದಲ್ಲಿ ಹೊಗಳಿಸಿಕೊಳ್ಳುವ ಲೈಸಿನ್ ಪುಡಿಯಿಂದ ಲಾಭವಿದೆ ಎಂಬುದು ಸಾಬೀತಾಗಿಲ್ಲ.

ಕ್ಲಮೈಡಿಯಾದಲ್ಲಿ ಮೊದಲು ಒಂದು ಕಣ್ಣಿನ ಒಳಪೊರೆ ಊದಿ ಬುಗ್ಗೆಯಂತೆ ಹೊರಬರುತ್ತದೆ, ಕೆಲವು ದಿನಗಳಲ್ಲಿ ಇನ್ನೊಂದು ಕಣ್ಣಿಗೂ ಹಬ್ಬುತ್ತದೆ. ಇದಕ್ಕೆ ಬರಿಯ ಡ್ರಾಪ್ಸ್ ಸಾಲದು. ಡಾಕ್ಸಿಸೈಕ್ಲಿನ್ ದಿನಕ್ಕೆ ಕಿಲೋಗೆ 10 ಮಿ.ಗ್ರಾಂ.ನಂತೆ 4 ವಾರ, ಮನೆಯ ಎಲ್ಲ ಬೆಕ್ಕುಗಳಿಗೂ ಒಟ್ಟಿಗೆ ಕೊಡುವುದು ರೂಢಿ. ಮಾತ್ರೆ ನುಂಗಿಸಿದ ಮೇಲೆ ಸಿರಿಂಜಿನಲ್ಲಿ 5 ಮಿ.ಲೀ. ನೀರು ಕುಡಿಸಲೇಬೇಕು. ಇಲ್ಲವಾದರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಸುಟ್ಟು, ನಾಳ ಕಿರಿದಾಗಿ ಬೆಕ್ಕಿಗೆ ಊಟ ಇಳಿಯದಂತಾಗುತ್ತದೆ. ಈ ಸೋಂಕು ಅಪರೂಪಕ್ಕೆ ಮನುಷ್ಯರಿಗೂ ಹರಡುವುದರಿಂದ ಕೈ ತೊಳೆಯುವುದನ್ನು ಮರೆಯಬೇಡಿ.

ಮನೆಯಲ್ಲಿ ಮಾಡಬಹುದಾದದ್ದು ತೊಳೆಯುವುದು, ಉಜ್ಜಿಕೊಳ್ಳದಂತೆ ತಡೆಯುವುದು. ಅಂಗಡಿಯಲ್ಲಿ ಸಿಗುವ 0.9 ಶೇಕಡಾ ನಾರ್ಮಲ್ ಸಲೈನ್ ಸಾಕು, ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ದ್ರವ ಬೇಡ. ಗಾಜ್ ಬಟ್ಟೆಯನ್ನು ಉಗುರುಬೆಚ್ಚಗಿನ ಸಲೈನ್‌ನಲ್ಲಿ ಅದ್ದಿ ಒಣಗಿದ ಗೀಜಿನ ಮೇಲೆ ಎರಡು ನಿಮಿಷ ಇಡಿ, ನೆನೆದ ಮೇಲೆ ಮೂಗಿನ ಕಡೆಯಿಂದ ಹೊರಕ್ಕೆ ಒರೆಸಿ, ಎರಡು ಕಣ್ಣಿಗೆ ಎರಡು ತುಂಡು. ಹತ್ತಿಯ ನೂಲೆಳೆ ಕಣ್ಣಲ್ಲೇ ಉಳಿಯುವುದರಿಂದ ಗಾಜ್ ಮೇಲು. ಹತ್ತು ಹದಿನಾಲ್ಕು ದಿನದ ಮರಿಯ ಕಣ್ಣು ಇನ್ನೂ ತೆರೆಯದೆ ರೆಪ್ಪೆ ಊದಿಕೊಂಡಿದ್ದರೆ ಒಳಗೆ ಕೀವು ಕಟ್ಟಿರುತ್ತದೆ. ಹೀಗೆ ನೆನೆಸುತ್ತಾ ಅಂದೇ ವೈದ್ಯರಲ್ಲಿಗೆ ಒಯ್ಯಿರಿ, ಉಗುರಿನಿಂದ ಎಳೆದು ತೆರೆಯಬೇಡಿ.

ಡ್ರಾಪ್ಸ್ ಹಾಕುವಾಗ ಪ್ರಾಣಿಯ ಎದುರಿನಿಂದ ಕೈ ತರಬೇಡಿ. ಹಿಂದೆ ಕೂತು ಗದ್ದ ಎತ್ತಿ, ಹಣೆಯ ಕಡೆಯಿಂದ ಬಾಟಲಿ ತಂದು ಒಂದೇ ಒಂದು ಹನಿ ಬಿಡಿ. ಎರಡನೆಯ ಹನಿ ಕೆನ್ನೆಗೇ ಹೋಗುತ್ತದೆ. ಬಾಟಲಿಯ ಮೂತಿ ಕಣ್ಣಿಗೆ ತಾಗಿದರೆ ಬಾಟಲಿಗೇ ಸೋಂಕು. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಿ, ಮುಲಾಮು ಕೊನೆಗೆ, ಅಕ್ಕಿಕಾಳಿನಷ್ಟು. ಉಜ್ಜಿಕೊಳ್ಳದಂತೆ ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಿ, ಊಟದ ಹೊತ್ತಿಗೂ ತೆಗೆಯಬೇಡಿ. ಹುಣ್ಣಿನ ನೋವಿಗೆ ವೈದ್ಯರು ಅಟ್ರೊಪಿನ್ ಬರೆದಿದ್ದರೆ ಬೆಕ್ಕು ಬಾಯಲ್ಲಿ ನೊರೆ ಕಾರಬಹುದು. ಔಷಧ ಕಣ್ಣಿನ ನಾಳದ ಮೂಲಕ ಗಂಟಲಿಗೆ ಇಳಿದು ಕಹಿಯಾಗುವುದೇ ಕಾರಣ, ವಿಷವೇರಿದ್ದಲ್ಲ. ಮೇಲ್ಪದರದ ಹುಣ್ಣು ವಾರದೊಳಗೆ ಮುಚ್ಚಬೇಕು. ಮುಚ್ಚದಿದ್ದರೆ ಆಂಟಿಬಯೊಟಿಕ್ ಬದಲಾಯಿಸುವುದಕ್ಕಿಂತ ಕಾರಣ ಹುಡುಕುವುದು ಮುಖ್ಯ.

ಜೇನುತುಪ್ಪ, ಹರಳೆಣ್ಣೆ, ಅರಿಶಿನದ ನೀರು, ಎದೆಹಾಲು ಯಾವುದೂ ಬೇಡ. ಬೋರಿಕ್ ಪುಡಿಯಂತೂ ನೆಕ್ಕಿದರೆ ವಿಷ. ಎಕ್ಕದ, ಕಳ್ಳಿಯ ಹಾಲು ಅಥವಾ ಸುಣ್ಣ ಕಣ್ಣಿಗೆ ಸಿಡಿದಿದ್ದರೆ ಮಾತ್ರ ಸಲೈನ್ ಹುಡುಕುತ್ತಾ ಕೂರಬೇಡಿ. ನಲ್ಲಿ ನೀರಿನಲ್ಲೇ ಕನಿಷ್ಠ 15-20 ನಿಮಿಷ ತೊಳೆದು ಹೊರಡಿ. ಪಗ್, ಶಿಹ್ ತ್ಸು ನಾಯಿಗಳ ಕಣ್ಣುಗುಡ್ಡೆ ಕಚ್ಚಾಟದಲ್ಲಿ ಹೊರಬಂದರೆ ಒತ್ತಿ ಒಳಗೆ ಹಾಕಲು ಹೋಗದೆ, ಸಲೈನ್‌ನಲ್ಲಿ ನೆನೆದ ಗಾಜ್ ಮುಚ್ಚಿ ಓಡಿ.

ಕಣ್ಣಿನ ಹೊರಭಾಗದ ಸೋಂಕಿನಂತೆ ಕಂಡರೂ ಹಾಗಲ್ಲದ ಎರಡು ಕಾಯಿಲೆಗಳಿವೆ. ಕಣ್ಣು ಕೆಂಪಾಗಿ, ಕಾರ್ನಿಯಾ ನೀಲಿಗಟ್ಟಿ, ಪಾಪೆ ಅಗಲವಾಗಿದ್ದು ಬೆಳಕಿಗೂ ಕಿರಿದಾಗದಿದ್ದರೆ ಅದು ಕಣ್ಣೊಳಗಿನ ಒತ್ತಡ ಏರುವ ಗ್ಲಾಕೊಮಾ. ನಾಯಿಯ ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 25 ಮಿ.ಮೀ. ಪಾದರಸ, ಇಲ್ಲಿ ಅದರ ದುಪ್ಪಟ್ಟೂ ಆಗಿರಬಹುದು. ದೃಷ್ಟಿ ಉಳಿಸಿಕೊಳ್ಳಲು ಇರುವುದು ಕೆಲವೇ ಗಂಟೆಗಳು, ಹೆಚ್ಚೆಂದರೆ ಒಂದೆರಡು ದಿನ. ಪಾಪೆ ತೀರಾ ಕಿರಿದಾಗಿ ಕಣ್ಣು ಮಂಕಾಗಿದ್ದರೆ ಒಳಗಿನ ಉರಿಯೂತ. ನಮ್ಮ ಕಡೆ ಉಣ್ಣೆ ಹುಳ ಕಚ್ಚಿ ಬರುವ ಎರ್ಲಿಕಿಯಾ ಎಂಬ ರಕ್ತದ ಸೋಂಕು ಇದಕ್ಕೆ ದೊಡ್ಡ ಕಾರಣ, ರಕ್ತ ಪರೀಕ್ಷೆ ಮಾಡಿಸಬೇಕು. ಕಣ್ಣಲ್ಲಿ ‘ಹೂ ಬಿದ್ದಿದೆ’ ಎಂದು ಊರಲ್ಲಿ ಹೇಳುವುದರಲ್ಲಿ ಇವೆಲ್ಲವೂ ಸೇರಿಕೊಂಡಿರುತ್ತವೆ. ಬಿಳಿ ಪೊಮೆರೇನಿಯನ್‌ನ ಕಣ್ಣಡಿಯ ಕಂದು ಗೆರೆ ಮಾತ್ರ ಕಣ್ಣೀರಿನ ಬಣ್ಣ, ಕಣ್ಣು ನಿಚ್ಚಳವಾಗಿದ್ದರೆ ಅದಕ್ಕೆ ಔಷಧ ಬೇಡ.

ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಸುತ್ತಮುತ್ತ ಇರುವವರಿಗೆ ಬೋಧನಾ ಆಸ್ಪತ್ರೆಗಳಿವೆ. ಉಳಿದವರಿಗೆ ತಾಲ್ಲೂಕು ಪಶು ಆಸ್ಪತ್ರೆಯೇ ಆಧಾರ. ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಫ್ಲೂರೊಸೀನ್ ಪಟ್ಟಿ, ಷಿರ್ಮರ್ ಪಟ್ಟಿ ಮತ್ತು ಒಂದು ನೀಲಿ ಬೆಳಕಿನ ಟಾರ್ಚ್ ಒದಗಿಸಲಿ. ದನ, ಕುರಿಗಳ ಕಣ್ಣಿಗೂ ಅವು ಬೇಕಾಗುತ್ತವೆ. ಸ್ಟಿರಾಯ್ಡ್ ಬೆರೆತ ಕಣ್ಣಿನ ಔಷಧಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಔಷಧಿ ಅಂಗಡಿಯವರು ಮನುಷ್ಯರಿಗೆ ಕೇಳುವ ಚೀಟಿಯನ್ನು ನಾಯಿ, ಬೆಕ್ಕಿನ ಹೆಸರಲ್ಲಿ ಬಂದವರಿಗೂ ಕೇಳಲಿ. ಔಷಧ ನಿಯಂತ್ರಣ ಅಧಿಕಾರಿಗಳ ತಪಾಸಣೆ ಮಳೆಗಾಲದ ಮೊದಲೇ ನಡೆದರೆ ಒಳ್ಳೆಯದು.

– ಸಾಕುಪ್ರಾಣಿ ಚಿಕಿತ್ಸೆಯಲ್ಲಿ ತೊಡಗಿರುವ ಪಶುವೈದ್ಯರು, ಮೈಸೂರು