ಬ್ಯಾಸಗಿ ಮಜ್ಜಿಗಿ: ಗುಂಪಿನವರ ಗಮನಕ್ಕ
ಎಲ್ಲಾರಿಗೂ ನಮಸ್ಕಾರ್ರಿ. ಗದಗ ಕಡೆ ಬಿಸಿಲು ಏರೇತಿ, ಮಜ್ಜಿಗಿ ಬಗ್ಗೆ ಭಾಳ ಮಂದಿ ಕೇಳ್ಯಾರ. ಮೊಸರಿಗೆ ಬರೇ ನೀರು ಕಲಸಿದ್ರ ಆಯುರ್ವೇದದ ‘ತಕ್ರ’ (ಕಡದ ಮಜ್ಜಿಗಿ) ಆಗಂಗಿಲ್ಲ. ಕಡದು ಬೆಣ್ಣಿ ತೆಗೀರಿ, ಆವಾಗ ಹೊಟ್ಟಿಗೆ ಹಗುರ. ದಿನಾ ಕುಡಿಯಾಕ 1 ವಾಟಗಾ ಮೊಸರಿಗೆ 3 ವಾಟಗಾ ನೀರು ಸಾಕು. ಬೆಣ್ಣಿ ಮುದ್ದಿ ಕೂಡದ ಜಿಡ್ಡಾಗಿ ತೇಲಿದ್ರ ಮೊಸರು ಬೆಚ್ಚಗೈತಿ ಅಂತ ತಿಳೀರಿ. ಗಡಿಗ್ಯಾಗಿನ ತಣ್ಣೀರು ಹಾಕಿ ಮತ್ತ ಕಡೀರಿ.

ಮಜ್ಜಿಗಿಗೆ ಹುರಿದ ಜೀರಗಿ ಪುಡಿ ಕಾಲು ಚಮಚ, ಚಿಟಿಕಿ ಇಂಗು, ಸೈಂಧವ ಲವಣ ಹಾಕ್ರಿ. ಬಿಪಿ ಇದ್ದವರು ಉಪ್ಪು ಬಿಡ್ರಿ.

ಈ ಸೆಕಿಗೆ ಮೊಸರು 5-6 ತಾಸಿನಾಗ ಹೆಪ್ಪಾಗತೈತಿ, ರಾತ್ರಿಯೆಲ್ಲಾ ಹೊರಗಿಟ್ರ ಹುಳಿ. ಹುಳಿ ಮಜ್ಜಿಗಿ ಪಿತ್ತ ಕೆರಳಸತೈತಿ, ಎದಿ ಉರಿ ಇದ್ದವರು ಮುಟ್ಟಬ್ಯಾಡ್ರಿ. ತಾಮ್ರ, ಕಲಾಯಿ ಹೋದ ಹಿತ್ತಾಳಿ ಭಾಂಡೆ ಬ್ಯಾಡವೇ ಬ್ಯಾಡ, ಹುಳಿಗೆ ಲೋಹ ಬಿಡತೈತಿ. ಮಧ್ಯಾಹ್ನ ರೊಟ್ಟಿ ಊಟದ ಕಡೀಕ ಒಂದು ಗ್ಲಾಸು ಕುಡೀರಿ.